ಹೈಸ್ಕೂಲ್ ಗೋಡೆಗೆ ಜೀವವಿಜ್ಞಾನಿಗಳು: ಯಾರ ಫೋಟೋ ಕೆಳಗೆ ಏನು ಇಡೋಣ?

ಬಯಲುಸೀಮೆ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಲ್ಯಾಬಿನ ಹೊರಗೋಡೆಗೆ ಹೊಸದಾಗಿ ಬಣ್ಣ ಆಗಿದೆ. ಅಲ್ಲಿ ಜಗತ್ತಿನ ದೊಡ್ಡ ಜೀವವಿಜ್ಞಾನಿಗಳ ಫೋಟೋ ಹಾಕಿಸಿ ಅಂತ ಹೆಡ್‌ಮಾಸ್ಟರು ಹೇಳಿದ್ದಾರೆ. ಪಟ್ಟಿ ಮಾಡೋದು ಕಷ್ಟವೇನಲ್ಲ. ಲಿನೇಯಸ್ ವರ್ಗೀಕರಣದ ಪಿತಾಮಹ, ಲೇವನ್‌ಹುಕ್ ಸೂಕ್ಷ್ಮಜೀವಿಶಾಸ್ತ್ರದ ಪಿತಾಮಹ, ಮೆಂಡಲ್ ತಳಿಶಾಸ್ತ್ರದ ಪಿತಾಮಹ, ಹೀಗೆ ಒಂದಷ್ಟು ಪಿತಾಮಹರನ್ನು ಸಾಲಾಗಿ ನೇತುಹಾಕಿದರೆ ಕೆಲಸ ಮುಗೀತು. ಆದರೆ ಕ್ವಿಜ್‌ಗೆ ಓದುವ ನಾಲ್ಕು ಮಕ್ಕಳು ಬಿಟ್ಟರೆ ಅದನ್ನು ಯಾರೂ ತಿರುಗಿ ನೋಡಲ್ಲ.

ನನ್ನ ತಲೆಯಲ್ಲಿರುವುದು ಬೇರೆ. ಪ್ರತಿ ಫೋಟೋ ಕೆಳಗೆ ಒಂದು ಚಿಕ್ಕ ಹಲಗೆ. ಅದರ ಮೇಲೆ ಆ ವಿಜ್ಞಾನಿಯ ಕೆಲಸಕ್ಕೆ ಸಂಬಂಧಪಟ್ಟ ಒಂದು ವಸ್ತು. ಮಕ್ಕಳು ಅದನ್ನು ಮುಟ್ಟಬೇಕು, ಎತ್ತಿ ನೋಡಬೇಕು, ಆಮೇಲೆ ಇದು ಯಾಕೆ ಇಲ್ಲಿದೆ ಸಾರ್ ಅಂತ ಕೇಳಬೇಕು.

ಎರಡು ಈಗಾಗಲೇ ಗೊತ್ತುಮಾಡಿಕೊಂಡಿದ್ದೇನೆ. ಇಟಲಿಯ ಫ್ರಾಂಚೆಸ್ಕೊ ರೆಡಿ ಹೆಸರಲ್ಲಿ ಎರಡು ಗಾಜಿನ ಬಾಟಲಿ, ಒಂದು ತೆರೆದದ್ದು, ಇನ್ನೊಂದರ ಬಾಯಿಗೆ ತೆಳು ಬಟ್ಟೆ ಕಟ್ಟಿದ್ದು. ಕೊಳೆತ ಮಾಂಸದಲ್ಲಿ ಹುಳ ತಾನಾಗಿಯೇ ಹುಟ್ಟುತ್ತದೆ ಅಂತ ಜನ ನಂಬಿದ್ದ ಕಾಲ ಅದು. ಈತ ಮಾಂಸವನ್ನು ತೆರೆದ ಜಾಡಿಯಲ್ಲೂ ಮುಚ್ಚಿದ ಜಾಡಿಯಲ್ಲೂ ಇಟ್ಟು ನೋಡಿದ. ತೆರೆದದ್ದರಲ್ಲಿ ಮಾತ್ರ ಹುಳ. ಗಾಳಿ ಆಡದ್ದಕ್ಕೆ ಹುಳ ಆಗಲಿಲ್ಲ ಅಂತ ಯಾರಾದರೂ ತಕರಾರು ತೆಗೆಯಬಹುದಲ್ಲ, ಅದಕ್ಕೆ ಮುಚ್ಚಳದ ಬದಲು ತೆಳು ಬಟ್ಟೆ ಕಟ್ಟಿ ಮತ್ತೆ ಮಾಡಿದ. ನೊಣಗಳು ಬಟ್ಟೆಯ ಮೇಲೇ ಮೊಟ್ಟೆ ಇಟ್ಟವು, ಮಾಂಸದಲ್ಲಿ ಹುಳ ಇಲ್ಲ. ಇದೆಲ್ಲ 1668ರಲ್ಲಿ ಪ್ರಕಟವಾಯಿತು. ಇದೇ ಮನುಷ್ಯ ಗಿಡದ ಗಂಟುಗಳಲ್ಲಿ ಸಿಗುವ ಹುಳ ಮಾತ್ರ ಗಿಡದಿಂದಲೇ ಹುಟ್ಟುತ್ತದೆ ಅಂತ ನಂಬಿಕೊಂಡಿದ್ದ. ಅದನ್ನೂ ಬರೆದು ಹಾಕುತ್ತೇನೆ. (ಮಾಂಸ ಇಡಲ್ಲ, ಖಾಲಿ ಬಾಟಲಿ ಅಷ್ಟೇ. ಬಿಸಿಯೂಟದ ಕೋಣೆ ಪಕ್ಕದಲ್ಲೇ ಇದೆ.) ಎರಡನೆಯದು ಮೆಂಡಲ್, ಬಟಾಣಿ ಗಿಡಗಳನ್ನು ಕೂಡಿಸಿ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಹೋಗುತ್ತವೆ ಅಂತ ಎಣಿಸಿ ನೋಡಿದವ. ಅದಕ್ಕೆ ಬಟಾಣಿ.

ಉಳಿದ ಹಲಗೆಗಳಿಗೆ ಯಾರು, ಏನು? ಹೆಂಗಸರೂ ಇರಲಿ, ನಮ್ಮ ದೇಶದವರೂ ಇರಲಿ. ದಯವಿಟ್ಟು ಬರೀ ಹೆಸರಿನ ಪಟ್ಟಿ ಹಾಕಬೇಡಿ, ಅದು ನನ್ನ ಹತ್ತಿರವೂ ಇದೆ.

ಗೋವಿನಜೋಳ:

ಮೇಷ್ಟ್ರೇ, ಬಾರ್ಬರಾ ಮೆಕ್ಲಿಂಟಾಕ್. ಹಲಗೆ ಮೇಲೆ ಮೆಕ್ಕೆಜೋಳದ ಒಂದು ತೆನೆ.

ಅಮೆರಿಕದವರು. 1902ರಲ್ಲಿ ಹುಟ್ಟಿದ್ದು, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಡಾಕ್ಟರೇಟ್ ಪಡೆದರು. ಬದುಕಿಡೀ ಹಿಡಿದುಕೊಂಡದ್ದು ಒಂದೇ ಬೆಳೆ. ಅದಕ್ಕೆ ಕಾರಣ ಇದೆ, ಅದನ್ನೇ ಮಕ್ಕಳಿಗೆ ಮೊದಲು ಹೇಳಬೇಕು. ಮೆಕ್ಕೆಜೋಳದಲ್ಲಿ ಗಂಡುಹೂ ಗಿಡದ ತುದಿಯಲ್ಲಿ, ತೆನೆ ಕೆಳಗೆ ಎಲೆಯ ಕಂಕುಳಲ್ಲಿ. ಎರಡೂ ಬೇರೆ ಬೇರೆ ಇರುವುದರಿಂದ ಕಾಗದದ ಚೀಲ ಕಟ್ಟಿ ಯಾವ ಗಿಡದ ಪರಾಗ ಯಾವ ತೆನೆಗೆ ಬೀಳಬೇಕು ಅಂತ ನಾವೇ ತೀರ್ಮಾನ ಮಾಡಬಹುದು. ತೆನೆಯ ಬಾಯಲ್ಲಿ ಕೂದಲಿನ ಹಾಗೆ ನೇತಾಡುತ್ತದಲ್ಲ, ಅದರ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಹೋಗುತ್ತದೆ. ಅಂದರೆ ಪ್ರತಿ ಕಾಳೂ ಬೇರೆ ಬೇರೆ ಪರಾಗದ ಕಣದಿಂದ ಆದ ಬೇರೆ ಬೇರೆ ಮಗು. ಒಂದು ತೆನೆ ಸುಲಿದರೆ ನೂರಾರು ಅಣ್ಣತಮ್ಮಂದಿರು ಸಾಲಾಗಿ ಕೂತಿರುತ್ತಾರೆ, ಎಣಿಸಿಕೊಳ್ಳಿ. ನಮ್ಮ ಹಾವೇರಿ ಕಡೆ ಇದನ್ನು ಲಾರಿಗಟ್ಟಲೆ ಬೆಳೆಯುತ್ತೇವೆ, ಆದರೆ ಆ ಎಳೆ ಯಾಕಿದೆ ಅಂತ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಮೆಕ್ಲಿಂಟಾಕ್ ನೋಡಿದ್ದು ಕಾಳಿನ ಮೇಲಿನ ಚುಕ್ಕೆಗಳನ್ನು. ಬಿಳಿ ಕಾಳು, ಅದರ ಮೇಲೆ ನೇರಳೆ ಚುಕ್ಕೆ. ಕೆಲವು ಚುಕ್ಕೆ ಸಾಸಿವೆಗಿಂತ ಸಣ್ಣ, ಕೆಲವು ಅರ್ಧ ಕಾಳಿನಷ್ಟು ದೊಡ್ಡದು. ಜೀನುಗಳು ಕೋಶದೊಳಗಿನ ವರ್ಣತಂತು ಅನ್ನುವ ಎಳೆಯ ಮೇಲೆ ಸಾಲಾಗಿ ಗಟ್ಟಿಯಾಗಿ ಕೂತಿರುತ್ತವೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹಾಗಿದ್ದರೆ ಒಂದೇ ಕಾಳಿನೊಳಗೆ ಅರ್ಧಕ್ಕೆ ಬಣ್ಣ, ಅರ್ಧಕ್ಕೆ ಇಲ್ಲ ಅನ್ನೋದು ಹೇಗೆ? 1940ರ ದಶಕದಲ್ಲಿ ನ್ಯೂಯಾರ್ಕ್ ಹತ್ತಿರದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ತಾವೇ ಹೊಲದಲ್ಲಿ ಗಿಡ ಬೆಳೆಸಿ, ತಾವೇ ಪರಾಗ ಹಾಕಿ, ಮೈಕ್ರೋಸ್ಕೋಪಿನಲ್ಲಿ ವರ್ಣತಂತು ನೋಡಿ ಅವರು ಕಂಡುಕೊಂಡದ್ದು ಇದು: ವರ್ಣತಂತುವಿನ ಕೆಲವು ತುಣುಕುಗಳು ಇದ್ದ ಜಾಗ ಬಿಟ್ಟು ಬೇರೆ ಜಾಗಕ್ಕೆ ಹೋಗುತ್ತವೆ. ಅಂಥ ತುಣುಕು ಬಣ್ಣದ ಜೀನಿನ ಮಧ್ಯೆ ಹೋಗಿ ಕೂತರೆ ಬಣ್ಣ ನಿಂತಿತು, ಕಾಳು ಬಿಳಿ. ಕಾಳು ಬೆಳೆಯುವಾಗ ಯಾವುದೋ ಒಂದು ಕೋಶದಲ್ಲಿ ಅದು ಎದ್ದು ಹೋದರೆ ಆ ಕೋಶಕ್ಕೂ ಅದರ ಸಂತತಿಗೂ ಬಣ್ಣ ವಾಪಸ್. ಬೇಗ ಎದ್ದರೆ ದೊಡ್ಡ ಚುಕ್ಕೆ, ತಡವಾಗಿ ಎದ್ದರೆ ಸಣ್ಣ ಚುಕ್ಕೆ. ಆ ತುಣುಕು ತಾನಾಗಿ ಏಳುವುದೂ ಇಲ್ಲ, ಅದನ್ನು ಎಬ್ಬಿಸಲು ಇನ್ನೊಂದು ತುಣುಕು ಬೇಕು ಅನ್ನುವುದನ್ನೂ ಬರೀ ಚುಕ್ಕೆಗಳ ಲೆಕ್ಕದಿಂದ ಹಿಡಿದರು. ಡಿಎನ್‌ಎ ರಚನೆಯೇ ಇನ್ನೂ ಗೊತ್ತಿರಲಿಲ್ಲ ಆಗ.

1951ರಲ್ಲಿ ಅಲ್ಲೇ ನಡೆದ ಸಮ್ಮೇಳನದಲ್ಲಿ ಇದನ್ನು ಹೇಳಿದಾಗ ಕೇಳಿದವರಿಗೆ ತಲೆಬುಡ ಅರ್ಥವಾಗಲಿಲ್ಲ. ಎರಡು ವರ್ಷ ಕಳೆದ ಮೇಲೆ ಆ ಕೆಲಸದ ಬಗ್ಗೆ ಬರೆದು ಪ್ರಕಟಿಸುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದರು. ಕೆಲಸ ನಿಲ್ಲಿಸಲಿಲ್ಲ. 1960ರ ದಶಕದ ಕೊನೆಗೆ ಬ್ಯಾಕ್ಟೀರಿಯಾದಲ್ಲೂ ಇಂಥದ್ದೇ ತುಣುಕು ಸಿಕ್ಕವು, ಆಗ ಎಲ್ಲರಿಗೂ ನೆನಪಾಯಿತು. 1983ರಲ್ಲಿ ನೊಬೆಲ್, ಆಗ ವಯಸ್ಸು 81. ಮನುಷ್ಯನ ಡಿಎನ್‌ಎಯಲ್ಲೂ ಹೆಚ್ಚುಕಡಿಮೆ ಅರ್ಧ ಇಂಥ ತುಣುಕುಗಳು ಮತ್ತು ಅವುಗಳ ಅವಶೇಷ.

ಒಂದು ಮಾತು. ಪಾಪ, ಯಾರೂ ಗುರುತಿಸದ ಹೆಂಗಸು ಅಂತ ಮಾತ್ರ ಬರೆಯಬೇಡಿ. 1944ರಲ್ಲೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾಗಿದ್ದವರು, ಮಾರನೇ ವರ್ಷ ಅಲ್ಲಿನ ತಳಿಶಾಸ್ತ್ರ ಸಂಘಕ್ಕೆ ಅಧ್ಯಕ್ಷೆ. ಅಷ್ಟು ಹೆಸರಿದ್ದವರು ಹೇಳಿದರೂ ಜನಕ್ಕೆ ತಲೆಗೆ ಹೋಗಲಿಲ್ಲ ಅನ್ನೋದೇ ಹೆಚ್ಚು ಸ್ವಾರಸ್ಯ ಅಲ್ವಾ?

ತುಡುವೆ ಪೆಟ್ಟಿಗೆ:

ನನ್ನ ಓಟು ಕಾರ್ಲ್ ಫಾನ್ ಫ್ರಿಶ್‌ಗೆ. ಆಸ್ಟ್ರಿಯಾದವರು, ಕೆಲಸ ಹೆಚ್ಚಾಗಿ ಜರ್ಮನಿಯ ಮ್ಯೂನಿಕ್‌ನಲ್ಲಿ. ಹಲಗೆ ಮೇಲೆ ಬೂದು ಬಣ್ಣದ ಒಂದಷ್ಟು ರಟ್ಟು, ಕಪ್ಪಿಗೆ ಹತ್ತಿರದ್ದರಿಂದ ಬಿಳಿಗೆ ಹತ್ತಿರದ್ದರವರೆಗೆ, ಅವುಗಳ ನಡುವೆ ಒಂದೇ ಒಂದು ನೀಲಿ ರಟ್ಟು.

ಜೇನುಹುಳಕ್ಕೆ ಬಣ್ಣ ಕಾಣಲ್ಲ, ಬರೀ ಬೆಳಕು ಕತ್ತಲೆ ಅಷ್ಟೇ ಕಾಣುತ್ತದೆ ಅಂತ ಆಗಿನ ದೊಡ್ಡ ಕಣ್ಣಿನ ತಜ್ಞರೊಬ್ಬರು ಹೇಳಿಬಿಟ್ಟಿದ್ದರು. ಫ್ರಿಶ್ ಆಗಿನ್ನೂ ಹುಡುಗ. ಹೂವಿಗೆ ಇಷ್ಟು ಬಣ್ಣ ಯಾಕೆ ಹಾಗಾದರೆ ಅಂತ ಅವರ ತಕರಾರು. ನೀಲಿ ರಟ್ಟಿನ ಮೇಲೆ ಸಕ್ಕರೆ ನೀರಿಟ್ಟು ಹುಳಗಳಿಗೆ ರೂಢಿ ಮಾಡಿಸಿದರು. ಆಮೇಲೆ ಹೊಸ ನೀಲಿ ರಟ್ಟನ್ನು ಬೂದು ರಟ್ಟುಗಳ ನಡುವೆ ಜಾಗ ಬದಲಿಸಿ ಇಟ್ಟು, ಎಲ್ಲದರ ಮೇಲೂ ಖಾಲಿ ಬಟ್ಟಲು. ಹುಳಗಳು ನೇರ ನೀಲಿಗೇ ಬಂದವು. ಬಣ್ಣ ಕಾಣದಿದ್ದರೆ ಅಷ್ಟೇ ಗಾಢವಾದ ಯಾವುದೋ ಒಂದು ಬೂದು ರಟ್ಟಿನ ಜೊತೆ ನೀಲಿಯನ್ನು ಗೊಂದಲ ಮಾಡಿಕೊಳ್ಳಲೇಬೇಕಿತ್ತು. ಕೆಂಪಿನ ಜೊತೆ ಮಾಡಿದಾಗ ಗೊಂದಲ ಆಯಿತು, ಗಾಢ ಬೂದು ಯಾವುದು ಕೆಂಪು ಯಾವುದು ಅವಕ್ಕೆ ಗೊತ್ತಾಗಲಿಲ್ಲ. ಇದನ್ನು ಮಾಡಲು ಎಷ್ಟು ಖರ್ಚು ಹೇಳಿ? ಒಂದು ಮೇಜು, ಒಂದಿಷ್ಟು ಸಕ್ಕರೆ, ರಟ್ಟು.

ಆಮೇಲೆ ಬಂದದ್ದು ಕುಣಿತದ ಕತೆ. ಮೇವು ಕಂಡು ಬಂದ ಹುಳ ಗೂಡಿನ ಕತ್ತಲಲ್ಲಿ, ನೆಟ್ಟಗೆ ನಿಂತ ಎರಿಯ ಮೇಲೆ, ಹೊಟ್ಟೆ ಅಲ್ಲಾಡಿಸುತ್ತಾ ಒಂದು ಗೆರೆಯಲ್ಲಿ ಓಡುತ್ತದೆ. ನೇರ ಮೇಲಕ್ಕೆ ಓಡಿದರೆ ಸೂರ್ಯನ ದಿಕ್ಕಿಗೆ ಹೋಗಿ ಅಂತ. ಮೇಲಿನಿಂದ ಬಲಕ್ಕೆ ಎಷ್ಟು ವಾಲಿತೋ ಸೂರ್ಯನಿಂದ ಬಲಕ್ಕೆ ಅಷ್ಟು ವಾಲಿಕೊಂಡು ಹೋಗಿ ಅಂತ. ಓಟ ಎಷ್ಟು ಹೊತ್ತು ನಡೆಯಿತೋ ಅಷ್ಟು ದೂರ. ನಾನು ತುಡುವೆ ಸಾಕುತ್ತೇನೆ, ಶಿರಸಿ ಹತ್ತಿರ. ಪೆಟ್ಟಿಗೆ ತೆರೆದು ಎರಿ ಎತ್ತಿದಾಗ ಹುಳ ಹೀಗೆ ಅಲ್ಲಾಡುವುದನ್ನು ನಮ್ಮಲ್ಲಿ ಎಲ್ಲರೂ ನೋಡಿರುತ್ತಾರೆ. ಅದಕ್ಕೊಂದು ಲೆಕ್ಕ ಇದೆ ಅಂತ ಗೊತ್ತಾದ ಮೇಲೆ ಎರಿ ವಾಪಸ್ ಇಡಲು ಮನಸ್ಸೇ ಬರಲ್ಲ.

ನಮಗೆ ಹತ್ತಿರದ್ದು ಇನ್ನೊಂದಿದೆ. ಫ್ರಿಶ್ ಶಿಷ್ಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಸಿಲೋನಿಗೆ ಬಂದು ನಮ್ಮ ಕಡೆಯ ಜಾತಿಗಳನ್ನೇ ನೋಡಿದರು, ಹೆಜ್ಜೇನು, ತುಡುವೆ, ಕೋಲುಜೇನು. ಕೋಲುಜೇನು ಬಯಲಲ್ಲೇ ಕಡ್ಡಿಗೆ ಗೂಡು ಕಟ್ಟುತ್ತದೆ, ಮೇಲ್ಗಡೆ ಒಂದು ಚಪ್ಪಟೆ ಕಟ್ಟೆ ಇರುತ್ತದೆ. ಅದು ಅಲ್ಲಿ ನಿಂತು ಆಕಾಶ ನೋಡಿಕೊಂಡು ಮೇವಿನ ದಿಕ್ಕಿಗೇ ನೇರವಾಗಿ ಕುಣಿಯುತ್ತದೆ. ಗೋಡೆಯಂಥ ಎರಿಯ ಮೇಲೆ ದಿಕ್ಕನ್ನು ಬದಲಿಸಿ ತೋರಿಸುವ ಕಷ್ಟ ಅದಕ್ಕಿಲ್ಲ.

1967ರಲ್ಲಿ ಅಮೆರಿಕದ ವೆನ್ನರ್ ಮತ್ತವರ ಜೊತೆಗಾರರು, ಕುಣಿತ ಇರಬಹುದು, ಆದರೆ ಹುಳಗಳು ಹೋಗುವುದು ವಾಸನೆ ಹಿಡಿದು ಅಂತ ವಾದ ಎಬ್ಬಿಸಿದರು. ಆ ಜಗಳ ತುಂಬಾ ವರ್ಷ ನಡೆಯಿತು. 1973ರಲ್ಲಿ ಫ್ರಿಶ್‌ಗೆ ಲೊರೆಂಟ್ಸ್, ಟಿನ್‌ಬರ್ಗೆನ್ ಜೊತೆ ನೊಬೆಲ್ ಬಂದಾಗಲೂ ಮುಗಿದಿರಲಿಲ್ಲ. ಕೊನೆಗೆ 2005ರಲ್ಲಿ ಇಂಗ್ಲೆಂಡಿನಲ್ಲಿ ಹುಳದ ಬೆನ್ನಿಗೆ ಪುಟ್ಟ ಆಂಟೆನಾ ಅಂಟಿಸಿ ರೇಡಾರಿನಲ್ಲಿ ಹಿಂಬಾಲಿಸಿದರು. ಕುಣಿತ ನೋಡಿದ ಹುಳ ಹೇಳಿದ ದಿಕ್ಕಿಗೇ ಹಾರಿತು, ಜಾಗದ ಹತ್ತಿರ ಹೋದ ಮೇಲೆ ಹುಡುಕಾಡಿತು. ಕೊನೆಯ ಸ್ವಲ್ಪ ದೂರಕ್ಕೆ ವಾಸನೆಯೂ ಬೇಕು.

ಅಡ್ಡಪ್ರಶ್ನೆ:

ಮೇಷ್ಟ್ರೇ, ಹಲಗೆ ಐಡಿಯಾ ಚೆನ್ನಾಗಿದೆ, ಆದರೆ ಅದರಲ್ಲೊಂದು ತೊಂದರೆ ಇದೆ. ಹೀಗೆ ಮಾಡಿದರೆ ಕಾಳು, ಹುಳ, ಬಾಟಲಿ ಇಟ್ಟುಕೊಂಡವರಿಗೆ ಮಾತ್ರ ಜಾಗ. ರೋಸಲಿಂಡ್ ಫ್ರಾಂಕ್ಲಿನ್ ಕೆಳಗೆ ಏನಿಡುತ್ತೀರಿ, ಎಕ್ಸ್‌ರೇ ಮಿಷನ್ನಾ? ಲಿನ್ ಮಾರ್ಗುಲಿಸ್ ಹೇಳಿದ್ದು ನೂರಾರು ಕೋಟಿ ವರ್ಷದ ಹಿಂದಿನ ಮಾತು, ಅದಕ್ಕೆ ಯಾವ ವಸ್ತು? ಸುಮ್ನೆ ಕೈಗೆ ಸಿಗುತ್ತದೆ ಅಂತ ಆರಿಸಿದರೆ ಕಳೆದ 70 ವರ್ಷದ ಜೀವವಿಜ್ಞಾನವೇ ಗೋಡೆಯಿಂದ ಆಚೆ ಹೋಗುತ್ತದೆ. ಮತ್ತೆ ಫ್ರಾಂಕ್ಲಿನ್ ಅವರ ನೊಬೆಲ್ ಕದ್ದರು ಅನ್ನೋದನ್ನೂ ಹಾಕಿ.

ಹಳೇ ಲ್ಯಾಬ್:

ಅಡ್ಡಪ್ರಶ್ನೆಯವರೇ, ಎರಡಕ್ಕೂ ವಸ್ತು ಇದೆ.

ಫ್ರಾಂಕ್ಲಿನ್‌ಗೆ ಬಾಲ್‌ಪೆನ್ನಿನ ಒಳಗಿನ ಸ್ಪ್ರಿಂಗ್. ಕತ್ತಲೆ ಕೋಣೆಯಲ್ಲಿ ಲೇಸರ್ ಪಾಯಿಂಟರ್ ಬೆಳಕನ್ನು ಆ ಸ್ಪ್ರಿಂಗ್ ಮೂಲಕ ಹಾಯಿಸಿ ದೂರದ ಗೋಡೆ ಮೇಲೆ ಬೀಳಿಸಿ. ಚುಕ್ಕೆ ಚುಕ್ಕೆಯಾಗಿ ಓರೆ ಶಿಲುಬೆ ಆಕಾರ ಬೀಳುತ್ತದೆ. ಸುರುಳಿಯಾಗಿರುವ ಯಾವುದರ ಮೂಲಕ ಅಲೆ ಹಾಯ್ದರೂ ಆ ಆಕಾರವೇ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ 1952ರ ಮೇ ತಿಂಗಳಲ್ಲಿ ಫ್ರಾಂಕ್ಲಿನ್ ಮಾರ್ಗದರ್ಶನದಲ್ಲಿ ಅವರ ವಿದ್ಯಾರ್ಥಿ ಗೋಸ್ಲಿಂಗ್ ತೆಗೆದ 51ನೇ ಫೋಟೋದಲ್ಲಿ ಕಂಡದ್ದೂ ಅದೇ ಆಕಾರ, ಲೇಸರ್ ಬದಲು ಎಕ್ಸ್‌ರೇ, ಸ್ಪ್ರಿಂಗ್ ಬದಲು ಡಿಎನ್‌ಎ ಎಳೆ. ಲೇಸರ್ ಮಾತ್ರ ಹಲಗೆ ಮೇಲೆ ಬಿಡಬೇಡಿ. ಕಣ್ಣಿಗೆ ಅಪಾಯ, ಮೇಷ್ಟ್ರು ಜೇಬಲ್ಲೇ ಇರಲಿ.

ಕದ್ದರು ಅನ್ನೋದು ಅಷ್ಟು ಸರಳ ಇಲ್ಲ. ಆ ಫೋಟೋವನ್ನು ಆಕೆಗೆ ಹೇಳದೆ ಅದೇ ಕಾಲೇಜಿನ ವಿಲ್ಕಿನ್ಸ್, ಕೇಂಬ್ರಿಡ್ಜಿನಲ್ಲಿ ಡಿಎನ್‌ಎ ರಚನೆ ಹುಡುಕುತ್ತಿದ್ದ ವಾಟ್ಸನ್‌ಗೆ ತೋರಿಸಿದ್ದು ನಿಜ, ಅದು 1953ರ ಜನವರಿ. ಅದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯವೂ. ಆದರೆ ಡಿಎನ್‌ಎ ರಚನೆಗೆ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರಿಗೆ ನೊಬೆಲ್ ಬಂದದ್ದು 1962ರಲ್ಲಿ. ಫ್ರಾಂಕ್ಲಿನ್ 1958ರಲ್ಲೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು, 37 ವಯಸ್ಸು. ತೀರಿಕೊಂಡವರನ್ನು ಆ ಬಹುಮಾನಕ್ಕೆ ಪರಿಗಣಿಸುವುದಿಲ್ಲ. ಇದೇ ಗಲಾಟೆಯಲ್ಲಿ ಆಕೆ ಆಮೇಲೆ ವೈರಸ್‌ಗಳ ರಚನೆಯ ಮೇಲೆ ಮಾಡಿದ ಕೆಲಸ ಎಲ್ಲರಿಗೂ ಮರೆತುಹೋಗುತ್ತದೆ. ತಂಬಾಕು ಗಿಡಕ್ಕೆ ಬರುವ ಮೊಸಾಯಿಕ್ ವೈರಸ್ ಒಳಗೆ ಹೇಗಿದೆ ಅನ್ನೋದನ್ನು ಬಿಡಿಸಿದವರಲ್ಲಿ ಆಕೆ ಮುಖ್ಯರು. ಹಾಕುವುದಾದರೆ ಅದನ್ನು ಹಾಕಿ.

ಮಾರ್ಗುಲಿಸ್‌ಗೆ ಕಲ್ಲುಹೂವು. ಅದೇ, ಮಸಾಲೆಗೆ ಹಾಕುವ ಕಲ್ಲುಹೂವು. ಅದು ಗಿಡ ಅಲ್ಲ, ಒಂದು ಶಿಲೀಂಧ್ರ ಮತ್ತು ಪಾಚಿ ಸೇರಿ ಮಾಡಿಕೊಂಡ ಸಂಸಾರ. ಪಾಚಿ ಬಿಸಿಲಿನಿಂದ ಅಡುಗೆ ಮಾಡುತ್ತದೆ, ಶಿಲೀಂಧ್ರ ಮನೆ ಕೊಡುತ್ತದೆ. ಇದನ್ನೇ ಇನ್ನೂ ಮುಂದಕ್ಕೆ ಒಯ್ಯಿರಿ. ಒಂದು ಜೀವಿ ಇನ್ನೊಂದರ ಕೋಶದ ಒಳಗೇ ಸೇರಿಕೊಂಡು ಅಲ್ಲೇ ಉಳಿದುಬಿಟ್ಟರೆ? ನಮ್ಮ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ, ಎಲೆಯಲ್ಲಿ ಬಿಸಿಲಿನಿಂದ ಅಡುಗೆ ಮಾಡುವ ಕ್ಲೋರೋಪ್ಲಾಸ್ಟ್, ಎರಡೂ ಒಂದು ಕಾಲದಲ್ಲಿ ಹೊರಗೆ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾ ಅಂತ ಮಾರ್ಗುಲಿಸ್ 1967ರಲ್ಲಿ ಬರೆದರು. ಸುಮಾರು ಹದಿನೈದು ಪತ್ರಿಕೆಗಳು ವಾಪಸ್ ಕಳಿಸಿದ ಮೇಲೆ ಅಚ್ಚಾದ ಲೇಖನ ಅದು. ಆಮೇಲೆ ಡಿಎನ್‌ಎ ಹೋಲಿಸಿ ನೋಡಿದಾಗ ಮೂಲ ಮಾತು ನಿಜವಾಯಿತು. ಕ್ಲೋರೋಪ್ಲಾಸ್ಟ್ ಬಗ್ಗೆ ಇದೇ ಮಾತನ್ನು 1905ರಲ್ಲೇ ರಷ್ಯಾದ ಮೆರೆಷ್ಕೋವ್‌ಸ್ಕಿ ಹೇಳಿದ್ದ, ಅವನು ಕಲ್ಲುಹೂವಿನ ತಜ್ಞನೇ ಆಗಿದ್ದ. ಹಾಗಾಗಿ ವಸ್ತು ಸರಿಯಾಗೇ ಇದೆ.

ಅಡ್ಡಪ್ರಶ್ನೆ:

ಕಲ್ಲುಹೂವಿಗೆ ಶರಣು 🙏 ಅದೊಂದು ನನಗೆ ಹೊಳೆದಿರಲಿಲ್ಲ.

ಕಂಟೋನ್ಮೆಂಟ್:

ಸೊಳ್ಳೆ ಯಾರೂ ಹೇಳಲಿಲ್ಲವಲ್ಲ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಅಂತ ತೋರಿಸಿದ ರೊನಾಲ್ಡ್ ರಾಸ್. ಹುಟ್ಟಿದ್ದು ಆಲ್ಮೋರಾದಲ್ಲಿ, 1857. ಸೇನೆಯ ವೈದ್ಯ. ಈತನ ಸೊಳ್ಳೆ ಕತೆ ಶುರುವಾಗುವುದು ಬೆಂಗಳೂರಲ್ಲಿ ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. 1883ರಲ್ಲಿ ಇಲ್ಲಿನ ದಂಡಿನ ಪ್ರದೇಶದಲ್ಲಿ ಕೆಲಸಕ್ಕಿದ್ದಾಗ ತನ್ನ ಕೋಣೆಯಲ್ಲಿ ಮಾತ್ರ ಸೊಳ್ಳೆ ಜಾಸ್ತಿ ಯಾಕೆ ಅಂತ ಹುಡುಕಿದರೆ, ಕಿಟಕಿ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು. ತೊಟ್ಟಿ ಬೋರಲು ಹಾಕಿದ, ಸೊಳ್ಳೆ ಕಡಿಮೆಯಾದವು. ಉಳಿದ ಕಡೆಯೂ ಹೀಗೇ ಮಾಡೋಣ ಅಂತ ಮೇಲಿನ ಅಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ. ಇವತ್ತಿಗೂ ಬಡಾವಣೆಗಳಲ್ಲಿ ಇದೇ ನಡೆಯುತ್ತಿದೆ ಬಿಡಿ.

ಮಲೇರಿಯಾದ ಕೆಲಸ ಆದದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಹುಸೇನ್ ಖಾನ್ ಅನ್ನುವ ರೋಗಿ, ಕಚ್ಚಿಸಿಕೊಂಡ ಪ್ರತಿ ಸೊಳ್ಳೆಗೆ ಒಂದಾಣೆ ಅಂತ ಮಾತು. ಆ ರಕ್ತ ಕುಡಿದ ಸೊಳ್ಳೆಯ ಹೊಟ್ಟೆ ಸೀಳಿ ನೋಡಿದಾಗ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಗುಂಡು ಕೋಶಗಳು ಕಂಡವು, ಅವೇ ಮಲೇರಿಯಾದ ರೋಗಾಣು. ಮಾರನೇ ವರ್ಷ ಕಲ್ಕತ್ತದಲ್ಲಿ ಹಕ್ಕಿಗಳ ಮಲೇರಿಯಾ ಹಿಡಿದು, ರೋಗಾಣು ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ಬಂದು ಕಚ್ಚಿದಾಗ ಇನ್ನೊಂದು ಹಕ್ಕಿಗೆ ಹೋಗುವುದನ್ನು ಪೂರ್ತಿ ತೋರಿಸಿದ. ಮನುಷ್ಯರ ಮಲೇರಿಯಾದಲ್ಲಿ ಅನಾಫಿಲಿಸ್ ಅನ್ನುವ ಜಾತಿಯ ಸೊಳ್ಳೆ ಮೂಲಕ ಆ ಸುತ್ತು ಹೇಗೆ ನಡೆಯುತ್ತದೆ ಅಂತ ತೋರಿಸಿದ್ದು ರೋಮಿನ ಗ್ರಾಸಿ ಮತ್ತು ಅವರ ಜೊತೆಗಾರರು, ಅದೇ 1898ರಲ್ಲಿ. 1902ರ ನೊಬೆಲ್ ರಾಸ್ ಒಬ್ಬನಿಗೇ ಹೋಯಿತು. ಇಬ್ಬರೂ ಸಾಯುವವರೆಗೆ ಬೈದಾಡಿಕೊಂಡರು. ನನ್ನ ಪ್ರಕಾರ ಗೋಡೆ ಮೇಲೆ ಇಬ್ಬರ ಫೋಟೋನೂ ಅಕ್ಕಪಕ್ಕ ಹಾಕಬೇಕು, ಹುಸೇನ್ ಖಾನ್ ಹೆಸರೂ ಇರಬೇಕು.

ವಸ್ತು: ಬಿಗಿಯಾಗಿ ಬಲೆ ಕಟ್ಟಿದ ಗಾಜಿನ ಲೋಟದಲ್ಲಿ ಸೊಳ್ಳೆ ಮರಿ. ಅನಾಫಿಲಿಸ್ ಮರಿ ನೀರಿನ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ, ಬೇರೆ ಸೊಳ್ಳೆಗಳ ಮರಿ ತಲೆಕೆಳಗಾಗಿ ಓರೆಯಾಗಿ ನೇತಾಡುತ್ತದೆ. ಬರಿಗಣ್ಣಿಗೇ ಗೊತ್ತಾಗುತ್ತದೆ. ದೊಡ್ಡದಾಗಿ ಹಾರುವ ಮೊದಲೇ ನೀರು ಚೆಲ್ಲಿಬಿಡಿ.

ಎರೆಗೊಬ್ಬರ:

ಡಾರ್ವಿನ್ ಹೆಸರು ಯಾರೂ ಎತ್ತಿಲ್ಲ, ಹಳಸಲು ಅಂತ ಇರಬೇಕು. ಗಲಪಗೋಸ್ ಹಕ್ಕಿಗಳನ್ನು ಬಿಡಿ, ಎರೆಹುಳ ಹಿಡಿಯಿರಿ. ತೀರಿಕೊಳ್ಳುವ ಹಿಂದಿನ ವರ್ಷ, 1881ರಲ್ಲಿ, ಆತ ಬರೆದ ಕೊನೆಯ ಪುಸ್ತಕ ಎರೆಹುಳದ ಮೇಲೆ. 1842ರಲ್ಲಿ ಮನೆ ಹತ್ತಿರದ ಹೊಲದ ಮೇಲೆ ಸೀಮೆಸುಣ್ಣದ ಚೂರು ಹರಡಿಸಿ ಸುಮ್ಮನಾದ. 1871ರಲ್ಲಿ ಅಲ್ಲೇ ಕಾಲುವೆ ತೋಡಿಸಿದರೆ ಬಿಳಿ ಗೆರೆ 7 ಇಂಚು ಕೆಳಗಿತ್ತು. 29 ವರ್ಷ ಹುಳಗಳು ಮಣ್ಣು ತಿಂದು ಮೇಲಕ್ಕೆ ಹಾಕಿ ಹಾಕಿ ಅದನ್ನು ಮುಚ್ಚಿದ್ದವು. ಸಾವಕಾಶವಾಗಿ ಆಗುವ ಸಣ್ಣ ಕೆಲಸ ಕೂಡಿಕೊಂಡು ದೊಡ್ಡದಾಗುತ್ತದೆ ಅನ್ನೋದೇ ವಿಕಾಸದ ಪುಸ್ತಕದಲ್ಲೂ ಆತನ ವಾದ, ಇಲ್ಲಿ ಅದನ್ನು ಅಳತೆಪಟ್ಟಿಯಲ್ಲಿ ತೋರಿಸಿದ.

ಮಕ್ಕಳಿಗೆ ಇಷ್ಟವಾಗುವುದು ಬೇರೆ. ಹುಳಕ್ಕೆ ಕಿವಿ ಕೇಳುತ್ತದಾ ಅಂತ ನೋಡಲು ಮಗನ ಕೈಲಿ ಬಸೂನ್ ಊದಿಸಿದ, ಪಿಯಾನೋ ಬಾರಿಸಿದರು, ಹುಳ ಅಲ್ಲಾಡಲಿಲ್ಲ. ಹುಳದ ಕುಂಡವನ್ನು ಪಿಯಾನೋ ಮೇಲೇ ಇಟ್ಟು ಬಾರಿಸಿದಾಗ ಬಿಲದೊಳಗೆ ಓಡಿತು. ಅಂದರೆ ಶಬ್ದ ಕೇಳಲ್ಲ, ಅದುರು ಗೊತ್ತಾಗುತ್ತದೆ. ನಿಮ್ಮ ಹಲಗೆಗೆ ಅಗಲ ಬಾಯಿಯ ಗಾಜಿನ ಜಾಡಿ, ಒಂದು ಪದರ ಕಪ್ಪು ಮಣ್ಣು, ಒಂದು ಪದರ ಮರಳು, ಮೇಲೆ ಸೀಮೆಸುಣ್ಣದ ಪುಡಿ, ಅದರ ಮೇಲೆ ಎಲೆ. ಎರೆಹುಳ ಬಿಟ್ಟು ಸುತ್ತ ಕಪ್ಪು ಕಾಗದ ಸುತ್ತಿ, ತೇವ ಆರದ ಹಾಗೆ ನೋಡಿಕೊಳ್ಳಿ. ಪದರ ಕಲಸಿಹೋಗುವುದನ್ನು ಮಕ್ಕಳು ವಾರವಾರ ಕಾಗದ ಬಿಚ್ಚಿ ನೋಡಲಿ. ಪಿಯಾನೋ ಬದಲು ಶಾಲೆಯ ತಮಟೆ ಇದ್ದೇ ಇದೆ.

ಬಯಲುಸೀಮೆ ಮೇಷ್ಟ್ರು:

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ, ಧನ್ಯವಾದ. ಎರೆಹುಳ, ಜೋಳ, ರಟ್ಟು, ಕಲ್ಲುಹೂವು, ಪೆನ್ನಿನ ಸ್ಪ್ರಿಂಗ್, ಇವು ಖಾಯಂ. ಸೊಳ್ಳೆಯನ್ನು ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ ನೋಡುತ್ತೇನೆ. ನಮ್ಮ ದೇಶದವರ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಹಳೇ ಲ್ಯಾಬ್:

ಮೂರು ಜನರನ್ನು ಹೇಳುತ್ತೇನೆ.

ಜಾನಕಿ ಅಮ್ಮಾಳ್, ತಲಶ್ಶೇರಿಯವರು, 1897ರಲ್ಲಿ ಹುಟ್ಟಿದ್ದು. ಹೆಂಗಸರು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದಾಗ ಅಮೆರಿಕದ ಮಿಶಿಗನ್‌ಗೆ ಹೋಗಿ 1931ರಲ್ಲಿ ಡಾಕ್ಟರೇಟ್ ಪಡೆದು ಬಂದರು. ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಕಬ್ಬನ್ನು ಬೇರೆ ಬೇರೆ ಹುಲ್ಲುಗಳ ಜೊತೆ ಕೂಡಿಸಿ ವರ್ಣತಂತು ಎಣಿಸಿದರು. ಆಮೇಲೆ ಇಂಗ್ಲೆಂಡಿನಲ್ಲಿ ಡಾರ್ಲಿಂಗ್ಟನ್ ಜೊತೆ ಸೇರಿ ಬೆಳೆಗಿಡಗಳ ವರ್ಣತಂತುಗಳ ಲೆಕ್ಕವನ್ನೆಲ್ಲ ಒಟ್ಟುಹಾಕಿ 1945ರಲ್ಲಿ ಪ್ರಕಟಿಸಿದರು. ವಯಸ್ಸಾದ ಮೇಲೆ ಕೇರಳದ ಸೈಲೆಂಟ್ ವ್ಯಾಲಿ ಕಾಡು ಉಳಿಸುವುದಕ್ಕೂ ನಿಂತರು. ವಸ್ತು: ಒಂದು ತುಂಡು ಕಬ್ಬು. ದಿನಾ ಬದಲಿಸಬೇಕಾಗುತ್ತದೆ, ಮಕ್ಕಳು ಬಿಡಲ್ಲ.

ಯಲ್ಲಾಪ್ರಗಡ ಸುಬ್ಬರಾವ್, ಭೀಮಾವರಂನವರು, 1895ರಿಂದ 1948. ಜೀವರಸಾಯನದವರು. ಸ್ನಾಯು ಶಕ್ತಿಯನ್ನು ಹೇಗೆ ಇಟ್ಟುಕೊಳ್ಳುತ್ತದೆ ಅನ್ನುವ ಮೂಲ ಕೆಲಸ ಹಾರ್ವರ್ಡ್‌ನಲ್ಲಿ ಫಿಸ್ಕ್ ಜೊತೆ. ಅಲ್ಲಿ ಖಾಯಂ ಕೆಲಸ ಸಿಗಲಿಲ್ಲ. ಲೆಡರ್ಲಿ ಕಂಪನಿ ಸೇರಿದರು, ಅಲ್ಲಿ ಅವರ ತಂಡದಿಂದ ಬಂದದ್ದರಲ್ಲಿ ಫೋಲಿಕ್ ಆಸಿಡ್ ಇದೆ, ಆನೆಕಾಲು ರೋಗಕ್ಕೆ ಕೊಡುವ ಡಿಇಸಿ ಇದೆ. ಆನೆಕಾಲು ಇರುವ ಜಿಲ್ಲೆಗಳಲ್ಲಿ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ನುಂಗಿಸುತ್ತಾರಲ್ಲ, ಅದೇ ಮಾತ್ರೆ. ಹಲಗೆ ಮೇಲೆ ಮಾತ್ರೆ ಬೇಡ, ಖಾಲಿ ಸ್ಟ್ರಿಪ್ ಸಾಕು.

ಮೂರನೆಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್. ನಿಮ್ಮ ಶಾಲೆಯ ಕಿಟಕಿ ಮೂಲೆಯಲ್ಲೇ ಇರಬಹುದಾದ ಒಂದು ಕಣಜದ ಮೇಲೆ ದಶಕಗಳ ಕೆಲಸ. ರೊಪಾಲಿಡಿಯಾ ಮಾರ್ಜಿನೇಟಾ ಅದರ ಹೆಸರು, ಕಾಗದದಂಥ ಗೂಡು ಕಟ್ಟುತ್ತದೆ. ಪ್ರತಿ ಕಣಜದ ಮೈಮೇಲೂ ಬಣ್ಣದ ಚುಕ್ಕೆ ಇಟ್ಟು ಯಾರು ಏನು ಮಾಡುತ್ತಾರೆ ಅಂತ ಬರೆದುಕೊಂಡರು. ಇದರಲ್ಲಿ ರಾಣಿ ಅಂದರೆ ಸುಮ್ನೆ ಕೂತಿರುವ ಸಾಧು ಪ್ರಾಣಿ, ಯಾರ ಮೇಲೂ ಜೋರು ಮಾಡಲ್ಲ. ರಾಣಿಯನ್ನು ತೆಗೆದರೆ ಕೆಲವೇ ನಿಮಿಷದಲ್ಲಿ ಕೆಲಸಗಾರ್ತಿಯರಲ್ಲಿ ಒಬ್ಬಳು ಇದ್ದಕ್ಕಿದ್ದಂತೆ ಎಲ್ಲರ ಮೇಲೂ ಎಗರಾಡಲು ಶುರುಮಾಡುತ್ತಾಳೆ. ಹಳೇ ರಾಣಿ ವಾಪಸ್ ಬರದಿದ್ದರೆ ಮುಂದಿನ ರಾಣಿ ಅವಳೇ, ಮೊಟ್ಟೆ ಇಡಲು ಶುರುಮಾಡಿದ ಮೇಲೆ ಅವಳೂ ಸಾಧು. ವಸ್ತು: ಬಿಟ್ಟುಹೋದ ಹಳೇ ಗೂಡು. ಖಾಲಿ ಅಂತ ಖಾತ್ರಿ ಮಾಡಿಕೊಂಡು ಕೀಳಿ.

ಬಯಲುಸೀಮೆ ಮೇಷ್ಟ್ರು:

ಕಣಜದ ಗೂಡು ಸ್ಟಾಫ್ ರೂಮಿನಲ್ಲೇ ಇದೆ, ಖಾಲಿ ಇಲ್ಲ 🙂

ಗೋವಿನಜೋಳದವರೇ, ಒಂದು ಸಂಶಯ. ನಮ್ಮ ಕಡೆ ಸಿಗುವುದೆಲ್ಲ ಹಳದಿ ಹೈಬ್ರಿಡ್, ಅದರಲ್ಲಿ ಚುಕ್ಕೆ ಇರಲ್ಲ. ಬಣ್ಣಬಣ್ಣದ ಕಾಳಿರುವ ತೆನೆ ತರಿಸಿದರೆ ನಡೆಯುತ್ತದಾ? ಬಟಾಣಿಗೆ ಕಿರಾಣಿ ಅಂಗಡಿಯದ್ದು ಸಾಕಾ?

ಗೋವಿನಜೋಳ:

ಬಣ್ಣದ ನಾಟಿ ತಳಿಗಳನ್ನು ಮಿಜೋರಂ, ಸಿಕ್ಕಿಂ ಕಡೆ ಬೆಳೆಯುತ್ತಾರೆ, ಬೀಜ ಸಂಗ್ರಹ ಮಾಡುವವರ ಹತ್ತಿರ ವಿಚಾರಿಸಿ. ಆದರೆ ನೋಡಿ ತೆಗೆದುಕೊಳ್ಳಿ. ಒಂದು ಕಾಳು ನೇರಳೆ, ಪಕ್ಕದ್ದು ಬಿಳಿ, ಅದರ ಪಕ್ಕದ್ದು ಹಳದಿ ಅಂತ ಇದ್ದರೆ ಅದು ಮೆಂಡಲ್ ಲೆಕ್ಕ, ಬೇರೆ ಬೇರೆ ಮಕ್ಕಳಿಗೆ ಬೇರೆ ಬೇರೆ ಜೀನು ಬಂದದ್ದು. ಒಂದೇ ಕಾಳಿನೊಳಗೆ ಚುಕ್ಕೆ ಒಡೆದಿದ್ದರೆ ಮಾತ್ರ ಮೆಕ್ಲಿಂಟಾಕ್ ಲೆಕ್ಕ. ಎರಡೂ ಒಂದೇ ತೆನೆಯಲ್ಲಿ ಸಿಕ್ಕರೆ ನಿಮ್ಮ ಅದೃಷ್ಟ. ಸಿಗದಿದ್ದರೆ ಹಳದಿ ತೆನೆಯನ್ನೇ ಜುಟ್ಟಿನ ಸಮೇತ ಇಟ್ಟು, ಚುಕ್ಕೆ ಕಾಳಿನ ದೊಡ್ಡ ಫೋಟೋ ಪಕ್ಕದಲ್ಲಿ ಅಂಟಿಸಿ.

ಕಿರಾಣಿ ಅಂಗಡಿಯ ಒಣ ಬಟಾಣಿ ಸಾಮಾನ್ಯವಾಗಿ ಗುಂಡಗಿನದೇ. ಮೆಂಡಲ್‌ಗೆ ಸುಕ್ಕಿನದೂ ಬೇಕಲ್ಲ. ಬೀಜದ ಅಂಗಡಿಯಲ್ಲಿ ತರಕಾರಿ ಬಟಾಣಿ ಬೀಜ ಕೇಳಿ, ಅರ್ಕೆಲ್ ತಳಿ ಸುಕ್ಕಿನದು. ಬಿತ್ತನೆ ಬೀಜಕ್ಕೆ ಔಷಧಿ ಸವರಿರುತ್ತಾರೆ, ಮಕ್ಕಳು ಬಾಯಿಗೆ ಹಾಕದ ಹಾಗೆ ಮುಚ್ಚಿದ ಡಬ್ಬಿಯಲ್ಲಿಡಿ. ಗುಂಡಗಿನದನ್ನೂ ಸುಕ್ಕಿನದನ್ನೂ ಕೂಡಿಸಿ ಎರಡನೇ ತಲೆಮಾರಿನಲ್ಲಿ ಮೆಂಡಲ್ ಎಣಿಸಿದ್ದು ಗುಂಡಗಿನವು 5474, ಸುಕ್ಕಿನವು 1850. ಭಾಗಿಸುವುದನ್ನು ಮಕ್ಕಳಿಗೇ ಬಿಡಿ.

ಇನ್ನೊಂದು, ಈ ಎರಡು ಹಲಗೆಗಳನ್ನು ದೂರ ದೂರ ಹಾಕಬೇಡಿ. ಬಟಾಣಿ ಯಾಕೆ ಸುಕ್ಕಾಗುತ್ತದೆ ಅಂತ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯವರು 1990ರಲ್ಲಿ ಪತ್ತೆ ಮಾಡಿದರು. (ಮೇಲೆ ಜಾನಕಿ ಅಮ್ಮಾಳ್ ಇಂಗ್ಲೆಂಡಿಗೆ ಹೋದರು ಅಂದರಲ್ಲ, ಅವರು ಕೆಲಸ ಮಾಡಿದ್ದು ಇದೇ ಸಂಸ್ಥೆಯಲ್ಲಿ.) ಸಕ್ಕರೆಯಿಂದ ಪಿಷ್ಟ ಮಾಡುವ ದಾರಿಯಲ್ಲಿ ಬೇಕಾದ ಒಂದು ಜೀನು ಕೆಟ್ಟಿರುತ್ತದೆ. ಅದಕ್ಕೇ ಆ ಕಾಳಿನಲ್ಲಿ ಸಕ್ಕರೆ ಜಾಸ್ತಿ ಉಳಿಯುತ್ತದೆ, ನೀರು ಜಾಸ್ತಿ ಎಳೆದುಕೊಳ್ಳುತ್ತದೆ, ಒಣಗಿದಾಗ ಕುಗ್ಗಿ ಸುಕ್ಕಾಗುತ್ತದೆ. ಹಸಿ ಬಟಾಣಿ ಸಿಹಿ ಇರುವುದಕ್ಕೂ ಅದೇ ಕಾರಣ. ಆ ಜೀನು ಕೆಟ್ಟಿದ್ದು ಯಾಕೆ ಗೊತ್ತಾ? ಅದರ ಮಧ್ಯೆ ಒಂದು ತುಣುಕು ಬಂದು ಕೂತಿದೆ, ಮೆಕ್ಲಿಂಟಾಕ್ ಜೋಳದಲ್ಲಿ ಕಂಡ ತುಣುಕುಗಳನ್ನೇ ಹೋಲುವಂಥದ್ದು.